ಪದದ ತುದಿಯ ಮೈಲಿಗಲ್ಲು: ಕನ್ನಡ ಮಗುವಿನ ಭಾಷಾರ್ಜನೆಯ ಹಂತಗಳನ್ನು ಗುರುತಿಸುವ ಬಗೆ

ಸಾರಾಂಶ

ಎಳೆಯ ಮಕ್ಕಳ ಭಾಷಾಬೆಳವಣಿಗೆಯನ್ನು ಗುರುತಿಸಲು ಬಳಕೆಯಲ್ಲಿರುವ ಪಟ್ಟಿಗಳು ಬಹುಮಟ್ಟಿಗೆ ಪದಗಳನ್ನು ಎಣಿಸುತ್ತವೆ. ಮಗುವಿಗೆ ಎಷ್ಟು ಪದ ಬರುತ್ತದೆ, ಎರಡು ಪದಗಳನ್ನು ಅದು ಯಾವಾಗ ಜೋಡಿಸುತ್ತದೆ ಎಂಬುವೇ ಅವುಗಳ ಮುಖ್ಯ ಪ್ರಶ್ನೆಗಳು. ಕನ್ನಡದಂತಹ ಅಂಟು ಭಾಷೆಯಲ್ಲಿ ವ್ಯಾಕರಣದ ಮೊದಲ ಚಲನೆ ಪದಗಳ ನಡುವೆ ನಡೆಯುವುದಕ್ಕಿಂತ ಹೆಚ್ಚಾಗಿ ಪದದ ಕೊನೆಯಲ್ಲಿ ನಡೆಯುತ್ತದೆ. ಆದ್ದರಿಂದ ಪದದ ಎಣಿಕೆಯೊಂದನ್ನೇ ನೆಚ್ಚಿದರೆ ಬೆಳೆದಿರುವ ಮಗು ಹಿಂದುಳಿದಂತೆಯೂ ಹಿಂದುಳಿದ ಮಗು ಬೆಳೆದಂತೆಯೂ ಕಾಣುವ ಸಂಭವವಿದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ. ಪ್ರತ್ಯಯಗಳ ವ್ಯತಿರೇಕ, ಹೊಸ ಪದಕ್ಕೆ ಪ್ರತ್ಯಯದ ವಿಸ್ತರಣೆ, ಪುರುಷವಾಚಕದ ತಿರುವು, ನಿಯಮಬದ್ಧ ತಪ್ಪು ಹಾಗೂ ನಿಷೇಧದ ಮೂರು ಬಗೆಗಳನ್ನು ಕನ್ನಡಕ್ಕೆ ಒಪ್ಪುವ ಗುರುತುಗಳೆಂದು ಸೂಚಿಸಿದ್ದೇವೆ.

ಕೀಲಿಪದಗಳು: ಭಾಷಾರ್ಜನೆ, ಕನ್ನಡ, ಆಕೃತಿಮಾ, ವಿಭಕ್ತಿ, ಆಖ್ಯಾತ ಪ್ರತ್ಯಯ, ನಿಷೇಧ, ಬೆಳವಣಿಗೆಯ ಹಂತಗಳು

1. ಪ್ರವೇಶ

ಮಗುವಿನ ದೇಹದ ಬೆಳವಣಿಗೆಯನ್ನು ಹೆಸರಿಸಲು ಕನ್ನಡದ ಮನೆಮಾತಿನಲ್ಲಿ ಬೇಕಾದಷ್ಟು ಪದಗಳಿವೆ. ಮಗು ಬೋರಲು ಬೀಳುತ್ತದೆ, ತೆವಳುತ್ತದೆ, ಅಂಬೆಗಾಲಿಡುತ್ತದೆ, ಗೋಡೆ ಹಿಡಿದು ನಿಲ್ಲುತ್ತದೆ, ಹೆಜ್ಜೆ ಇಡುತ್ತದೆ. ಅದು ಮೊದಲ ಬಾರಿಗೆ ಹೊಸಿಲು ದಾಟಿದ ದಿನ ಸಿಹಿ ಮಾಡುವ ಮನೆಗಳೂ ಇವೆ. ಮಾತಿನ ವಿಷಯಕ್ಕೆ ಬಂದಾಗ ಮಾತ್ರ ಈ ಸಮೃದ್ಧಿ ಕಾಣುವುದಿಲ್ಲ. ‘ತೊದಲು’ ಎಂಬ ಒಂದು ಪದದ ಅಡಿಯಲ್ಲಿ ಒಂದೂವರೆ ಎರಡು ವರ್ಷಗಳ ಇಡೀ ವ್ಯಾಕರಣ ಅಡಗಿಕೊಂಡಿರುತ್ತದೆ. ಹೆಸರಿಲ್ಲದ ಈ ಹಂತಗಳನ್ನು ತುಂಬಲು ನಾವು ಹೊರಗಿನ ಪಟ್ಟಿಗಳನ್ನು ತಂದುಕೊಂಡಿದ್ದೇವೆ.

ನಮ್ಮ ಮನೆಯ ಮಗುವಿಗೆ ಎರಡು ವರ್ಷ ತುಂಬಿದಾಗ ವಾಡಿಕೆಯ ತಪಾಸಣೆಗೆ ಕರೆದೊಯ್ದಿದ್ದೆವು. ತೂಕ, ಎತ್ತರ, ನಡಿಗೆ ಎಲ್ಲವೂ ಸರಿಯಾಗಿದ್ದವು. ‘ಎರಡು ಪದ ಸೇರಿಸಿ ಮಾತಾಡುತ್ತದೆಯೇ?’ ಎಂಬ ಪ್ರಶ್ನೆಗೆ ನಾವು ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂದೆವು. ‘ಮೂರು ತಿಂಗಳು ನೋಡೋಣ’ ಎಂಬ ಉತ್ತರ ಬಂದಿತು. ಅದು ವಿವೇಕದ ಉತ್ತರವೇ. ಆದರೆ ಆ ರಾತ್ರಿ, ಮಗುವಿನ ಮಾತುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ ನೋಟ್ ಪುಸ್ತಕವನ್ನು ತೆರೆದಾಗ, ಹಿಂದಿನ ಹತ್ತು ದಿನಗಳ ಪುಟಗಳಲ್ಲಿ ಈ ಉಕ್ತಿಗಳಿದ್ದವು: ಬಾ, ಬಂತು, ಕೊಡು, ಕೊಡಲ್ಲ, ಬಿತ್ತು, ಬಿದ್ದೋಯ್ತು, ಅಜ್ಜಿಗೆ, ತಾತಂಗೆ, ಬೇಡ, ಇಲ್ಲ. ಎಲ್ಲವೂ ಒಂದೊಂದೇ ಪದ. ನಮ್ಮ ಉತ್ತರದಲ್ಲಿ ಸುಳ್ಳಿರಲಿಲ್ಲ. ಕೇಳಿದ ಪ್ರಶ್ನೆ ಮಾತ್ರ ಬೇರೊಂದು ಭಾಷೆಯ ಮಗುವಿಗೆ ಸಲ್ಲುವಂಥದ್ದಾಗಿತ್ತು.

ಒಂದು ಮಗುವಿನ ನೋಟ್ ಪುಸ್ತಕ ಪ್ರಮಾಣವಾಗಲಾರದು. ಅದನ್ನು ಇಲ್ಲಿ ಉದಾಹರಣೆಗಾಗಿ ಮಾತ್ರ ಬಳಸಿದ್ದೇವೆ. ನಮ್ಮ ವಾದ ನಿಂತಿರುವುದು ಕನ್ನಡದ ರಚನೆಯ ಮೇಲೆ ಮತ್ತು ಭಾಷಾರ್ಜನೆಯ ಅಧ್ಯಯನದಲ್ಲಿ ಈಗಾಗಲೇ ಸ್ಥಾಪಿತವಾಗಿರುವ ಕೆಲವು ಫಲಿತಗಳ ಮೇಲೆ.

2. ನಡಿಗೆಯ ಪಟ್ಟಿ ಮತ್ತು ಮಾತಿನ ಪಟ್ಟಿ

ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಮಕ್ಕಳ ಚಲನೆಯ ಆರು ಹಂತಗಳಿಗೆ ಕಾಲಾವಧಿಗಳನ್ನು ಪ್ರಕಟಿಸಿತು. ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಕ್ಕಳನ್ನು ಗಮನಿಸಿ ಇವನ್ನು ನಿರ್ಧರಿಸಲಾಯಿತು. ಆಸರೆಯಿಲ್ಲದೆ ಕುಳಿತುಕೊಳ್ಳುವ ಅವಧಿ 3.8ರಿಂದ 9.2 ತಿಂಗಳು, ಆಸರೆಯಿಲ್ಲದೆ ನಡೆಯುವ ಅವಧಿ 8.2ರಿಂದ 17.6 ತಿಂಗಳು. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ಇವು ಒಂದು ದಿನಾಂಕವನ್ನು ಹೇಳುವುದಿಲ್ಲ, ಅಗಲವಾದ ಅವಧಿಯನ್ನು ಹೇಳುತ್ತವೆ. ಒಂಬತ್ತನೆಯ ತಿಂಗಳಲ್ಲಿ ನಡೆದ ಮಗುವೂ ಹದಿನೇಳನೆಯ ತಿಂಗಳಲ್ಲಿ ನಡೆದ ಮಗುವೂ ಒಂದೇ ಅವಧಿಯೊಳಗಿವೆ. ಎರಡನೆಯದಾಗಿ, ಎಲ್ಲ ಮಕ್ಕಳೂ ಎಲ್ಲ ಹಂತಗಳನ್ನೂ ಹಾಯಬೇಕೆಂದಿಲ್ಲ. ಆ ಅಧ್ಯಯನದಲ್ಲಿ ಶೇ. 4.3ರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ.

ಐದು ದೇಶಗಳ ಮಕ್ಕಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಲು ಸಾಧ್ಯವಾದದ್ದು ಏಕೆ? ನಡೆಯುವ ಕಾಲುಗಳು ಎಲ್ಲೆಡೆಯೂ ಒಂದೇ ಬಗೆಯವು. ನೆಲವೂ ಹೆಚ್ಚು ಕಡಿಮೆ ಒಂದೇ. ಮಾತಿನ ವಿಷಯದಲ್ಲಿ ಹಾಗಲ್ಲ. ಮಗು ಏರಬೇಕಾದ ಮೆಟ್ಟಿಲುಗಳನ್ನು ಕಟ್ಟಿರುವುದು ಆಯಾ ಭಾಷೆಯೇ. ಒಂದು ಭಾಷೆಯಲ್ಲಿ ಮೆಟ್ಟಿಲು ಇರುವ ಕಡೆ ಇನ್ನೊಂದರಲ್ಲಿ ಸಮನೆಲವಿರಬಹುದು.

ಇದನ್ನು ಒಂದು ಪ್ರಸಿದ್ಧ ಪಟ್ಟಿಯ ಮೂಲಕ ಪರಿಶೀಲಿಸಬಹುದು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ಪರಿಷ್ಕರಿಸಿತು. ಶೇ. 75ರಷ್ಟು ಮಕ್ಕಳಾದರೂ ಆ ವಯಸ್ಸಿಗೆ ಮಾಡಬಲ್ಲುದನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಅದರ ತತ್ತ್ವ. ತಂದೆತಾಯಿಯರನ್ನು ಎಚ್ಚರಿಸುವ ಸಾಧನವಾಗಿ ಅದು ಅಲ್ಲಿ ಉಪಯುಕ್ತವಾಗಿದೆ. ಎರಡು ವರ್ಷಕ್ಕೆ ಅದು ಕೇಳುವುದು ‘ಇನ್ನಷ್ಟು ಹಾಲು’ ಎಂಬಂತಹ ಎರಡು ಪದಗಳ ಜೋಡಣೆಯನ್ನು. ಎರಡೂವರೆ ವರ್ಷಕ್ಕೆ ಅದು ಕೇಳುವುದು ಸುಮಾರು 50 ಪದಗಳನ್ನು, ಕ್ರಿಯಾಪದವುಳ್ಳ ಜೋಡಣೆಯನ್ನು ಮತ್ತು ‘ನಾನು’, ‘ನಾವು’ ಎಂಬಂತಹ ಸರ್ವನಾಮಗಳನ್ನು.

ಕನ್ನಡಕ್ಕೆ ಬಂದಾಗ ಈ ಅಂಶಗಳ ಸ್ಥಿತಿ ಏನಾಗುತ್ತದೆ? ನಾಯಿ ಓಡುತ್ತಿರುವುದನ್ನು ಕಂಡ ಕನ್ನಡದ ಮಗು ‘ಓಡ್ತಿದೆ’ ಎಂದರೆ ಸಾಕು. ನಾಯಿ ಎದುರಿಗೇ ಇದೆ, ಹೆಸರಿಸುವ ಅಗತ್ಯವಿಲ್ಲ. ‘ನೀನು ಬರ್ತೀಯಾ?’ ಎಂದು ಕೇಳಿದರೆ ಪ್ರೌಢರೂ ‘ಬರ್ತೀನಿ’ ಎಂದೇ ಉತ್ತರಿಸುತ್ತಾರೆ. ಅಲ್ಲಿ ‘ನಾನು’ ಎಂದು ಸೇರಿಸಿದರೆ ಒತ್ತು ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಿ ಕರ್ತೃವನ್ನು ಬಿಟ್ಟ ವಾಕ್ಯ ಅಪೂರ್ಣ. ಕನ್ನಡದಲ್ಲಿ ಅದು ಸಹಜ. ಹೀಗಾಗಿ ಸರ್ವನಾಮವನ್ನು ಕಾಯುತ್ತ ಕುಳಿತವರಿಗೆ, ಮಗು ಆಗಲೇ ತೋರಿಸಿರುವ ಪುರುಷಭೇದ ಕಣ್ಣಿಗೆ ಬೀಳುವುದಿಲ್ಲ.

3. ಎಣಿಕೆಯ ಹಿನ್ನೆಲೆ

ಪದಗಳ ಜೋಡಣೆಗೆ ಇಷ್ಟು ಮಹತ್ವ ಬಂದುದಕ್ಕೆ ಚಾರಿತ್ರಿಕ ಕಾರಣವಿದೆ. ರೋಜರ್ ಬ್ರೌನ್ 1973ರ ತಮ್ಮ ಗ್ರಂಥದಲ್ಲಿ ಆ್ಯಡಮ್, ಈವ್, ಸಾರಾ ಎಂಬ ಹೆಸರುಗಳಿಂದ ಕರೆದ ಮೂವರು ಮಕ್ಕಳ ಇಂಗ್ಲಿಷನ್ನು ವಿಶ್ಲೇಷಿಸಿದರು. ವಯಸ್ಸಿಗಿಂತ ಉಕ್ತಿಯ ಸರಾಸರಿ ಉದ್ದವೇ ಬೆಳವಣಿಗೆಯ ಉತ್ತಮ ಸೂಚಕವೆಂದು ಅವರು ತೋರಿಸಿದರು. ಇಂಗ್ಲಿಷಿನ 14 ವ್ಯಾಕರಣಿಕ ಆಕೃತಿಮಾಗಳನ್ನು ಮೂವರೂ ಬಹುತೇಕ ಒಂದೇ ಕ್ರಮದಲ್ಲಿ ಕಲಿತರು, ಆದರೆ ಕಲಿತ ವೇಗ ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಾಗಿತ್ತು. ಆ ಮಕ್ಕಳು ಮೊದಲು ಪದಗಳನ್ನು ಬರಿದಾಗಿ ಜೋಡಿಸಿದರು. ಪ್ರತ್ಯಯಗಳು ಆಮೇಲೆ ಬಂದವು. ಜೋಡಣೆ ಮೊದಲು, ಪ್ರತ್ಯಯ ನಂತರ ಎಂಬುದು ಇಂಗ್ಲಿಷಿನ ಕಥೆ.

ಬ್ರೌನ್ ಎಣಿಸಿದ್ದು ಪದಗಳನ್ನಲ್ಲ, ಆಕೃತಿಮಾಗಳನ್ನು ಎಂಬುದನ್ನು ಇಲ್ಲಿ ನೆನೆಯಬೇಕು. ಹಾಗಾದರೆ ಕನ್ನಡದಲ್ಲಿಯೂ ಆಕೃತಿಮಾಗಳನ್ನೇ ಎಣಿಸಿದರೆ ಸಾಲದೆ? ಸಾಲದು. ‘ಬರ್ತೀನಿ’ ಎಂಬಲ್ಲಿ ಧಾತು, ಕಾಲವಾಚಕ, ಪುರುಷವಾಚಕ ಎಂಬ ಮೂರು ಅಂಶಗಳಿವೆ. ‘ಬಂತು’ ಎಂಬುದನ್ನೂ ವ್ಯಾಕರಣಜ್ಞರು ಮೂರಾಗಿ ಒಡೆಯಬಲ್ಲರು. ಆದರೆ ಹದಿನಾರು ತಿಂಗಳ ಮಗು ‘ಬಂತು’ ಎಂದಾಗ ಅದು ಮಗುವಿನ ಪಾಲಿಗೆ ಮೂರು ಅಂಶಗಳ ಕೂಟವೋ, ಒಡೆಯಲಾಗದ ಒಂದು ಗಟ್ಟಿಯೋ ಎಂಬುದು ಪದದಿಂದ ತಿಳಿಯುವುದಿಲ್ಲ. ಎಲ್ಲವನ್ನೂ ಒಡೆದು ಎಣಿಸಿದರೆ ಗಿಳಿಪಾಠವೂ ವ್ಯಾಕರಣವೆನಿಸುತ್ತದೆ. ಒಡೆಯದೆ ಎಣಿಸಿದರೆ ವ್ಯಾಕರಣವೂ ಗಿಳಿಪಾಠವೆನಿಸುತ್ತದೆ. ಎಣಿಕೆಗೆ ಮೊದಲು ಬೇಕಾದುದು ಸಾಕ್ಷ್ಯ.

ಪದದ ಕೊನೆ ಮಗುವಿನ ಗಮನವನ್ನು ಬೇಗ ಸೆಳೆಯುತ್ತದೆ ಎಂಬುದಕ್ಕೆ ಬೇರೆ ಭಾಷೆಗಳ ಆಧಾರವಿದೆ. ಡ್ಯಾನ್ ಸ್ಲೋಬಿನ್ 1973ರಲ್ಲಿ ಮಂಡಿಸಿದ ಕಲಿಕೆಯ ಸೂತ್ರಗಳಲ್ಲಿ ‘ಪದಗಳ ಕೊನೆಯನ್ನು ಗಮನಿಸು’ ಎಂಬುದು ಹೆಸರಾದದ್ದು. ಅದಕ್ಕೆ ಅವರು ನೀಡಿದ ಆಧಾರಗಳಲ್ಲಿ ಒಂದು, ಹಂಗೇರಿಯನ್ ಮತ್ತು ಸರ್ಬೋ-ಕ್ರೊಯೇಷಿಯನ್ ಎರಡನ್ನೂ ಒಟ್ಟಿಗೆ ಕಲಿಯುತ್ತಿದ್ದ ಮಕ್ಕಳದು. ಸ್ಥಳಸಂಬಂಧವನ್ನು ನಾಮಪದದ ಕೊನೆಯ ಪ್ರತ್ಯಯದಿಂದ ಸೂಚಿಸುವ ಹಂಗೇರಿಯನ್ನಿನಲ್ಲಿ ಅವರು ಅದನ್ನು ಬೇಗ ನುಡಿದರು. ಅದೇ ಅರ್ಥವನ್ನು ನಾಮಪದದ ಹಿಂದೆ ಬರುವ ಅವ್ಯಯದಿಂದ ಸೂಚಿಸುವ ಸರ್ಬೋ-ಕ್ರೊಯೇಷಿಯನ್ನಿನಲ್ಲಿ ತಡವಾಗಿ ನುಡಿದರು. ಮಗು ಒಂದೇ, ಅರ್ಥವೂ ಒಂದೇ. ಬೇರೆಯಾದದ್ದು ಅದನ್ನು ಸೂಚಿಸುವ ಅಂಶ ಇರುವ ಜಾಗ.

ಕನ್ನಡಕ್ಕೆ ರಚನೆಯಲ್ಲಿ ಹತ್ತಿರವಾದ ತುರ್ಕಿ ಭಾಷೆಯ ಬಗ್ಗೆ ಅಯ್ಹಾನ್ ಅಕ್ಸು-ಕೋಚ್ ಮತ್ತು ಸ್ಲೋಬಿನ್ 1985ರಲ್ಲಿ ನೀಡಿದ ವಿವರಣೆ ಇನ್ನೂ ಸ್ಪಷ್ಟ. ತುರ್ಕಿಯ ಮಕ್ಕಳು ನಾಮಪದದ ಪ್ರತ್ಯಯಗಳನ್ನೂ ಕ್ರಿಯಾಪದದ ಪ್ರತ್ಯಯಗಳಲ್ಲಿ ಹೆಚ್ಚಿನವನ್ನೂ ಎರಡು ವರ್ಷ ತುಂಬುವ ವೇಳೆಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಕರಗತ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನ ಮಗು ಎರಡು ಪದಗಳನ್ನು ಜೋಡಿಸಲು ಹವಣಿಸುತ್ತಿರುವ ವಯಸ್ಸಿನಲ್ಲಿ ತುರ್ಕಿಯ ಮಗು ಒಂದು ಪದದೊಳಗೆ ವ್ಯಾಕರಣವನ್ನು ಕಟ್ಟಿರುತ್ತದೆ.

ಕನ್ನಡದಲ್ಲಿ ಪದದ ಕೊನೆಗೆ ಇನ್ನೊಂದು ಅನುಕೂಲವಿದೆ. ನಮ್ಮ ಪದಗಳು ಬಹುಪಾಲು ಸ್ವರಾಂತಗಳು. ಹೊರಗಿನಿಂದ ಬಂದವಕ್ಕೂ ‘ಬಸ್ಸು’, ‘ಕಾರು’ ಎಂದು ಸ್ವರ ಸೇರಿಸುತ್ತೇವೆ. ಕೊನೆಯ ವ್ಯಂಜನವನ್ನು ನುಂಗಿಬಿಡುವುದು ಇಂಗ್ಲಿಷಿನ ಎಳೆಯ ಮಕ್ಕಳಲ್ಲಿ ಸಾಮಾನ್ಯ. ನುಂಗಬೇಕಾದ ವ್ಯಂಜನವೇ ಕನ್ನಡದ ಪದದ ಕೊನೆಯಲ್ಲಿ ವಿರಳವಾದ್ದರಿಂದ ಪ್ರತ್ಯಯ ಸಾಮಾನ್ಯವಾಗಿ ಕಿವಿಗೆ ತುಂಬಾಗಿ ಬೀಳುತ್ತದೆ, ಬಾಯಿಂದಲೂ ತುಂಬಾಗಿ ಹೊರಡುತ್ತದೆ.

4. ನಾಲ್ಕು ಗುರುತುಗಳು

ಮಗುವಿನ ಪ್ರತ್ಯಯ ಜೀವಂತವಾದುದೋ ಕಂಠಪಾಠದ್ದೋ ಎಂದು ತಿಳಿಯಲು ನಾಲ್ಕು ಗುರುತುಗಳನ್ನು ಗಮನಿಸಬಹುದು. ಇವುಗಳ ಹಿಂದಿನ ತರ್ಕ ಭಾಷಾರ್ಜನೆಯ ಅಧ್ಯಯನದಲ್ಲಿ ಹಳೆಯದು. ಕನ್ನಡಕ್ಕೆ ಅವುಗಳ ಅನ್ವಯವನ್ನು ಮಾತ್ರ ಇಲ್ಲಿ ವಿವರಿಸುತ್ತೇವೆ.

4.1. ವ್ಯತಿರೇಕ. ಒಂದೇ ಧಾತು ಬೇರೆ ಬೇರೆ ಪ್ರತ್ಯಯಗಳೊಡನೆ, ಒಂದೇ ಪ್ರತ್ಯಯ ಬೇರೆ ಬೇರೆ ಧಾತುಗಳೊಡನೆ ಬರಬೇಕು. ನಮ್ಮ ಮನೆಯ ಮಗು ಹದಿನಾರನೆಯ ತಿಂಗಳಿನಿಂದ ‘ಬಿತ್ತು’ ಎನ್ನುತ್ತಿತ್ತು. ಚಮಚ ಬಿದ್ದರೂ ‘ಬಿತ್ತು’, ತಾನೇ ಎಸೆಯಲು ಕೈ ಎತ್ತಿದರೂ ‘ಬಿತ್ತು’. ಅಲ್ಲಿ ಭೂತಕಾಲವಿತ್ತೆಂದು ಹೇಳಲು ಆಧಾರವಿಲ್ಲ. ಇಪ್ಪತ್ತನೆಯ ತಿಂಗಳ ಹೊತ್ತಿಗೆ ಬೆಕ್ಕನ್ನು ಕರೆಯುವಾಗ ‘ಬಾ’ ಎಂದೂ ಅದು ಬಂದ ಮೇಲೆ ‘ಬಂತು’ ಎಂದೂ ಹೇಳತೊಡಗಿತು. ‘ಕೊಡು’ ಎಂದು ಕೇಳುವುದು, ತನ್ನ ಕೈಯಲ್ಲಿರುವುದನ್ನು ಬಚ್ಚಿಟ್ಟುಕೊಂಡು ‘ಕೊಡಲ್ಲ’ ಎನ್ನುವುದು ಇದರ ಬೆನ್ನಲ್ಲೇ ಬಂದವು. ಪದಗಳ ಸಂಖ್ಯೆಯ ದೃಷ್ಟಿಯಿಂದ ಇವು ನಾಲ್ಕು ಪದಗಳು. ವ್ಯಾಕರಣದ ದೃಷ್ಟಿಯಿಂದ ಎರಡು ಧಾತುಗಳ ಸುತ್ತ ಹುಟ್ಟಿದ ಎರಡು ವ್ಯತಿರೇಕಗಳು.

4.2. ವಿಸ್ತರಣೆ. ಜೀನ್ ಬರ್ಕೊ 1958ರಲ್ಲಿ ಮಕ್ಕಳಿಗೆ ಅರ್ಥವಿಲ್ಲದ ಹೊಸ ಪದಗಳನ್ನು ಕೊಟ್ಟು, ಅವುಗಳಿಗೆ ಬಹುವಚನ ಮತ್ತು ಭೂತಕಾಲದ ರೂಪಗಳನ್ನು ಹೇಳಿಸಿದರು. ಎಂದೂ ಕೇಳದ ಪದಕ್ಕೆ ಸರಿಯಾದ ಪ್ರತ್ಯಯ ಸೇರಿಸಿದ ಮಗು ಆ ರೂಪವನ್ನು ನೆನಪಿನಿಂದ ಎತ್ತಿಕೊಂಡಿರಲು ಸಾಧ್ಯವಿಲ್ಲ. ಈ ವಿಧಾನ ಮನೆಯಲ್ಲಿಯೂ ಸಾಧ್ಯ. ಬಟ್ಟೆಯ ಆನೆಯೊಂದಕ್ಕೆ ನಾವು ‘ಗಿಮ್ಮಿ’ ಎಂದು ಹೆಸರಿಟ್ಟು, ‘ಇದು ಗಿಮ್ಮಿ’ ಎಂಬ ರೂಪದಲ್ಲಿ ಮಾತ್ರ ಪರಿಚಯಿಸಿದೆವು. ಕೆಲವು ದಿನಗಳ ನಂತರ ಮಗು ತನ್ನ ಬಟ್ಟಲನ್ನು ಆನೆಯ ಸೊಂಡಿಲಿಗೆ ಹಿಡಿದು ‘ಗಿಮ್ಮಿಗೆ’ ಎಂದಿತು. ಆಗ ಅದಕ್ಕೆ ಇಪ್ಪತ್ತೆರಡು ತಿಂಗಳು. ‘ಅಜ್ಜಿಗೆ’ ಎಂಬುದು ಕೇಳಿ ಕಲಿತ ಗಟ್ಟಿಯಾಗಿರಬಹುದು, ‘ಗಿಮ್ಮಿಗೆ’ ಹಾಗಲ್ಲ. ಚತುರ್ಥೀ ವಿಭಕ್ತಿ ಅಲ್ಲಿ ಮಗುವಿನದೇ ಆಗಿತ್ತು.

4.3. ಪುರುಷದ ತಿರುವು. ‘ನಾನು’, ‘ನೀನು’ಗಳನ್ನು ಮಕ್ಕಳು ಅದಲುಬದಲು ಮಾಡುವುದು ಅನೇಕ ಭಾಷೆಗಳಲ್ಲಿ ಕಂಡುಬಂದಿದೆ. ತನ್ನನ್ನು ಎಲ್ಲರೂ ‘ನೀನು’ ಎಂದು ಕರೆಯುವಾಗ ಅದೇ ತನ್ನ ಹೆಸರೆಂದು ಮಗು ಭಾವಿಸಿದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಸರ್ವನಾಮ ಬಿಟ್ಟುಹೋಗುವುದರಿಂದ ಈ ಅದಲುಬದಲು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ. ‘ಬರ್ತೀಯಾ?’ ಎಂದು ಕೇಳಿದರೆ ಮಗು ಕೈ ಚಾಚಿ ‘ಬರ್ತೀಯಾ’ ಎನ್ನುತ್ತದೆ. ಮನೆಯವರು ಅದನ್ನು ಮುದ್ದಾದ ಅನುಕರಣೆಯೆಂದು ಎಣಿಸುತ್ತಾರೆ. ಅದೇ ಪ್ರಶ್ನೆಗೆ ಒಂದು ದಿನ ‘ಬರ್ತೀನಿ’ ಎಂಬ ಉತ್ತರ ಬಂದರೆ, ಕೇಳಿದ ರೂಪವನ್ನು ಮಗು ತನ್ನ ಕಡೆಗೆ ತಿರುಗಿಸಿದೆ ಎಂದರ್ಥ. ಮಾತನಾಡುವವರು ಯಾರು, ಕೇಳುವವರು ಯಾರು ಎಂಬ ಲೆಕ್ಕ ಬದಲಾದಂತೆ ರೂಪ ಬದಲಾಗಬೇಕೆಂಬ ಅರಿವು ಅಲ್ಲಿದೆ.

ಈ ತಿರುವನ್ನು ಕಷ್ಟವಾಗಿಸುವವರು ನಾವೇ. ಕನ್ನಡದ ಮನೆಗಳಲ್ಲಿ ದೊಡ್ಡವರು ಮಗುವಿನೊಡನೆ ತಮ್ಮನ್ನು ಪ್ರಥಮ ಪುರುಷದಲ್ಲಿ ಹೇಳಿಕೊಳ್ಳುವುದು ರೂಢಿ: ‘ಅಜ್ಜಿ ಕೊಡ್ತಾಳೆ ಬಾ’, ‘ತಾತ ಎತ್ಕೋತಾರೆ ಬಾ’. ಮಗುವನ್ನು ಕುರಿತು ‘ಪಾಪು ಎದ್ದಿತು’, ‘ಪಾಪು ಹಾಲು ಕುಡೀತು’ ಎನ್ನುತ್ತೇವೆ. ನಮ್ಮ ವ್ಯಾಕರಣದಲ್ಲಿ ‘ಮಗು’ ನಪುಂಸಕಲಿಂಗ. ಹೀಗಾಗಿ ಮಗು ತನ್ನ ಬಗ್ಗೆ ಕೇಳಿಸಿಕೊಳ್ಳುವ ಕ್ರಿಯಾರೂಪಗಳಲ್ಲಿ ಒಂದು ದೊಡ್ಡ ಪಾಲು ಬೆಕ್ಕು, ಚಮಚ, ಮಳೆಗಳಿಗೂ ಬಳಕೆಯಾಗುವ ರೂಪ. ಅದು ತನ್ನ ಬಗ್ಗೆ ‘ಬಿತ್ತು’ ಎನ್ನುವುದರಿಂದ ‘ಬಿದ್ದೆ’ ಎನ್ನುವುದಕ್ಕೆ ಬರುವ ದಾರಿ ಗಮನಕ್ಕೆ ಅರ್ಹವಾದುದು.

4.4. ತಪ್ಪು. ತಪ್ಪನ್ನು ಹಿನ್ನಡೆಯೆಂದು ಭಾವಿಸುವವರಿಗೆ ಈ ಗುರುತು ವಿಚಿತ್ರವೆನಿಸಬಹುದು. ‘ಓಡಿದೆ’, ‘ಹಾಡಿದೆ’ ಎಂಬ ರೂಪಗಳಂತೆ ‘ಕೊಡು’ ಎಂಬುದರ ಭೂತಕಾಲ ಆಗುವುದಿಲ್ಲ, ‘ಕೊಟ್ಟೆ’ ಎಂದಾಗುತ್ತದೆ. ನಮ್ಮ ಮನೆಯ ಮಗು ಮೊದಮೊದಲು ‘ಕೊಟ್ಟೆ’ ಎಂದೇ ಸರಿಯಾಗಿ ಹೇಳುತ್ತಿತ್ತು. ಇಪ್ಪತ್ತೊಂಬತ್ತನೆಯ ತಿಂಗಳಲ್ಲಿ ‘ಕೊಡಿದೆ’ ಎನ್ನತೊಡಗಿತು. ಅದಕ್ಕೆ ಸ್ವಲ್ಪ ಮೊದಲು, ಗಿಡಗಳಿಗೆ ನೀರೆರೆಯುವ ಹೊತ್ತಿನಲ್ಲಿ, ‘ಮರಕ್ಕೆ’ ಎನ್ನುವ ಬದಲು ‘ಮರಗೆ’ ಎಂದಿತ್ತು. ಮನೆಯಲ್ಲಿ ಯಾರೂ ‘ಕೊಡಿದೆ’ ಎನ್ನುವುದಿಲ್ಲ, ‘ಮರಗೆ’ ಎನ್ನುವುದಿಲ್ಲ. ಕೇಳದ ರೂಪವನ್ನು ನುಡಿದ ಮಗು ಅದನ್ನು ತಾನೇ ಕಟ್ಟಿರಬೇಕು. ‘ಕೊಟ್ಟೆ’ ನೆನಪಿನ ಫಲ, ‘ಕೊಡಿದೆ’ ನಿಯಮದ ಫಲ. ಸರಿಯಾದ ರೂಪದಿಂದ ತಪ್ಪು ರೂಪಕ್ಕೆ ಬಂದ ಮಗು ಇಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟಿದೆ. ಇದನ್ನು ತಿದ್ದಲು ಆತುರಪಡಬೇಕಿಲ್ಲ. ‘ಹೌದಾ, ಅಜ್ಜಿಗೆ ಕೊಟ್ಟೆಯಾ?’ ಎಂದು ಸರಿಯಾದ ರೂಪವನ್ನು ಉತ್ತರದಲ್ಲಿ ಕೇಳಿಸಿದರೆ ಸಾಕು.

5. ‘ಇಲ್ಲ’, ‘ಬೇಡ’, ‘ಅಲ್ಲ’

ಪದದ ಕೊನೆಯಾಚೆಗೂ ಕನ್ನಡ ಒಂದು ವಿಶೇಷ ಅನುಕೂಲವನ್ನು ಒದಗಿಸುತ್ತದೆ. ಲೋಯಿಸ್ ಬ್ಲೂಮ್ 1970ರ ಗ್ರಂಥದಲ್ಲಿ ಇಂಗ್ಲಿಷ್ ಮಕ್ಕಳ ನಿಷೇಧವನ್ನು ಮೂರು ಅರ್ಥಗಳಾಗಿ ವಿಂಗಡಿಸಿದರು: ವಸ್ತು ಇಲ್ಲದಿರುವುದು, ವಸ್ತುವನ್ನು ನಿರಾಕರಿಸುವುದು, ಹೇಳಿಕೆಯನ್ನು ಅಲ್ಲಗಳೆಯುವುದು. ಅವರು ಗಮನಿಸಿದ ಮಕ್ಕಳಲ್ಲಿ ಈ ಅರ್ಥಗಳು ಇದೇ ಕ್ರಮದಲ್ಲಿ ರೂಪುಗೊಂಡವು. ಇಂಗ್ಲಿಷಿನ ಎಳೆಯ ಮಗು ಈ ಮೂರಕ್ಕೂ ‘ನೋ’ ಎಂಬ ಒಂದೇ ಪದವನ್ನು ಬಳಸಬಲ್ಲುದು. ಆದ್ದರಿಂದ ಯಾವ ಅರ್ಥ ಯಾವಾಗ ಬಂತೆಂದು ತಿಳಿಯಲು ಸಂಶೋಧಕರು ಸಂದರ್ಭವನ್ನೇ ಅವಲಂಬಿಸಬೇಕು.

ಕನ್ನಡ ಈ ಮೂರು ಅರ್ಥಗಳಿಗೆ ಮೂರು ಪದಗಳನ್ನು ಇಟ್ಟುಕೊಂಡಿದೆ. ಬಟ್ಟಲು ಬರಿದಾದಾಗ ‘ಇಲ್ಲ’, ತುತ್ತನ್ನು ದೂಡುವಾಗ ‘ಬೇಡ’, ಬೆಕ್ಕನ್ನು ತೋರಿಸಿ ನಾಯಿಯೆಂದಾಗ ‘ಅಲ್ಲ’. ಮೊದಲೆರಡು ನಮ್ಮ ನೋಟ್ ಪುಸ್ತಕದಲ್ಲಿ ಎರಡು ವರ್ಷದೊಳಗೆ ಬಂದಿದ್ದವು. ‘ಅಲ್ಲ’ ಇಪ್ಪತ್ತೇಳನೆಯ ತಿಂಗಳಲ್ಲಿ ಬಂದಿತು. ಅಲ್ಲಿಯವರೆಗೆ ತಪ್ಪು ಹೆಸರಿಗೂ ಮಗು ‘ಇಲ್ಲ’ ಎನ್ನುತ್ತಿತ್ತು. ‘ಇಲ್ಲ’ ಮತ್ತು ‘ಬೇಡ’ಗಳು ಲೋಕದ ಬಗ್ಗೆ, ಬಯಕೆಯ ಬಗ್ಗೆ ಹೇಳುತ್ತವೆ. ‘ಅಲ್ಲ’ ಇನ್ನೊಬ್ಬರ ಮಾತಿನ ಬಗ್ಗೆ ಹೇಳುತ್ತದೆ. ನೀವು ಹೇಳಿದುದು ಸರಿಯಲ್ಲ ಎನ್ನಬೇಕಾದರೆ ಹೇಳಿಕೆಯನ್ನು ವಸ್ತುವಿನಿಂದ ಬೇರ್ಪಡಿಸಿ ನೋಡಬೇಕು. ಪದಗಳ ಪಟ್ಟಿಯಲ್ಲಿ ‘ಅಲ್ಲ’ಕ್ಕೆ ಸಿಗುವುದು ಒಂದು ಅಂಕ, ‘ಬಸ್ಸು’ ಎಂಬುದಕ್ಕೂ ಒಂದೇ ಅಂಕ.

6. ಒಂದು ಎಚ್ಚರಿಕೆ

ಇಷ್ಟು ಹೇಳಿದ ಮೇಲೆ, ಪ್ರತ್ಯಯವೇ ಸರ್ವಸ್ವವೆಂಬ ತೀರ್ಮಾನಕ್ಕೆ ಬಾರದಂತೆ ತಡೆಯುವ ಒಂದು ಮುಖ್ಯ ಅಧ್ಯಯನ ಕನ್ನಡದ ಮೇಲೆಯೇ ನಡೆದಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯಗಳನ್ನು ಕೇಳಿಸಿ, ಆಟಿಕೆ ಪ್ರಾಣಿಗಳಿಂದ ಅವನ್ನು ಅಭಿನಯಿಸಿ ತೋರಿಸಲು ಹೇಳಲಾಯಿತು. ಒಂದು ಕೆಲಸವನ್ನು ಇನ್ನೊಬ್ಬರಿಂದ ಆಗಿಸುವ ಅರ್ಥವನ್ನು ಕನ್ನಡದಲ್ಲಿ ‘-ಇಸು’ ಪ್ರತ್ಯಯ ಸ್ಪಷ್ಟವಾಗಿ ಸೂಚಿಸುತ್ತದೆ. ನಾಮಪದಗಳ ಸಂಖ್ಯೆ ಅಷ್ಟು ನೆಚ್ಚಿಕೆಯ ಸೂಚಕವಲ್ಲ, ಏಕೆಂದರೆ ಕನ್ನಡದಲ್ಲಿ ನಾಮಪದಗಳನ್ನು ಸುಲಭವಾಗಿ ಬಿಡಬಹುದು. ಆದರೂ ಮಕ್ಕಳು ನೆಚ್ಚಿದ್ದು ನಾಮಪದಗಳ ಸಂಖ್ಯೆಯನ್ನೇ. ವಾಕ್ಯದಲ್ಲಿ ಎರಡು ನಾಮಪದಗಳಿದ್ದರೆ ಆಗಿಸುವ ಅರ್ಥವನ್ನು ಅಭಿನಯಿಸಿದರು. ‘-ಇಸು’ ಇದೆಯೋ ಇಲ್ಲವೋ ಎಂಬುದು ಅವರ ಅಭಿನಯವನ್ನು ಬದಲಿಸಲಿಲ್ಲ. ಪ್ರೌಢರು ಪ್ರತ್ಯಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಈ ಫಲಿತದಿಂದ ನಾವು ಕಲಿಯುವ ಪಾಠಗಳು ಎರಡು. ಕಿವಿಗೆ ಸ್ಪಷ್ಟವಾಗಿ ಬೀಳುವ ಪ್ರತ್ಯಯವೆಲ್ಲವೂ ಒಂದೇ ವೇಗದಲ್ಲಿ ಅರ್ಥವನ್ನು ಹೊರುವುದಿಲ್ಲ. ‘-ಗೆ’ ಬಂದ ಮಗುವಿಗೆ ‘-ಇಸು’ ಬಂದಿದೆಯೆಂದು ಊಹಿಸಲಾಗದು. ಜೊತೆಗೆ, ನುಡಿಯುವುದು ಬೇರೆ, ಕೇಳಿದ ವಾಕ್ಯದ ಅರ್ಥವನ್ನು ಅದರಿಂದಲೇ ಬಿಡಿಸುವುದು ಬೇರೆ. ಪದಗಳ ನಡುವಿನ ಸಂಬಂಧವೂ ಕನ್ನಡದ ಮಗುವಿಗೆ ಮುಖ್ಯವೇ. ನಮ್ಮ ಆಕ್ಷೇಪ ಎರಡು ಪದಗಳ ಪ್ರಶ್ನೆಯನ್ನು ಕೇಳುವುದಕ್ಕಲ್ಲ, ಅದೊಂದನ್ನೇ ಕೇಳುವುದಕ್ಕೆ.

7. ಪ್ರಶ್ನೆಯನ್ನು ಬದಲಿಸುವುದು

ಇದು ಕೇವಲ ಶಾಸ್ತ್ರಚರ್ಚೆಯಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕೆಂಬ ನಿಯಮವಿದೆ; ಬೆಳವಣಿಗೆಯಲ್ಲಿ ಹಿಂದುಳಿಯುವಿಕೆಯೂ ಅಲ್ಲಿ ಗುರುತಿಸಬೇಕಾದ ಅಂಶ. ತಪ್ಪು ಪ್ರಶ್ನ�ೆಯ ಬೆಲೆಯನ್ನು ಎರಡು ಬಗೆಯ ಮಕ್ಕಳು ತೆರುತ್ತಾರೆ. ಒಂದೇ ಪದದಲ್ಲಿ ಬಹಳಷ್ಟನ್ನು ಹೇಳಬಲ್ಲ ಮಗುವಿನ ಮನೆಗೆ ಅಕಾರಣವಾದ ಆತಂಕ ಬರುತ್ತದೆ. ಇನ್ನೊಂದು ಮಗು ‘ಹಾಲು ಬೇಕು’, ‘ಟಾಟಾ ಹೋಗೋಣ’ ಎಂಬ ಕೆಲವು ಸಿದ್ಧ ಜೋಡಣೆಗಳನ್ನು ಹೇಳುತ್ತ ಪ್ರಶ್ನೆಯಲ್ಲಿ ಉತ್ತೀರ್ಣವಾಗುತ್ತದೆ. ಆದರೆ ಅದರ ಬಾಯಲ್ಲಿ ಯಾವ ಧಾತುವೂ ರೂಪ ಬದಲಿಸದೆ ಇರಬಹುದು. ಬೇಗ ನೆರವು ಸಿಗಬೇಕಾದದ್ದು ಆ ಮಗುವಿಗೆ. ಶ್ರವಣದೋಷದಂತಹ ಕಾರಣಗಳಿದ್ದಾಗ ಕಳೆದ ಒಂದೊಂದು ತಿಂಗಳೂ ದೊಡ್ಡದು. ಆದ್ದರಿಂದ ಸಂದೇಹ ಬಂದಾಗ ಕಾಯದೆ ತಜ್ಞರಲ್ಲಿಗೆ ಹೋಗಬೇಕೆಂಬ ಸಲಹೆಯನ್ನು ನಮ್ಮ ವಾದ ಸಡಿಲಿಸುವುದಿಲ್ಲ.

‘ಎರಡು ಪದ ಸೇರಿಸುತ್ತದೆಯೇ?’ ಎಂಬುದರ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಬಹುದು. ಒಂದೇ ಕೆಲಸವನ್ನು ಮಗು ಎರಡು ರೂಪಗಳಲ್ಲಿ ಹೇಳುತ್ತದೆಯೇ, ‘ಬಾ’ ಮತ್ತು ‘ಬಂತು’ ಎಂಬಂತೆ? ಹೊಸ ಗೊಂಬೆಯ, ಹೊಸ ನೆಂಟರ ಹೆಸರಿಗೆ ‘-ಗೆ’ ಸೇರಿಸುತ್ತದೆಯೇ? ‘ತಿಂತೀಯಾ?’ ಎಂದರೆ ‘ತಿಂತೀನಿ’ ಎನ್ನುತ್ತದೆಯೇ, ‘ತಿಂತೀಯಾ’ ಎಂದೇ ಹೇಳುತ್ತದೆಯೇ? ದೊಡ್ಡವರು ಯಾರೂ ಹೇಳದ ರೂಪಗಳನ್ನು ಕಟ್ಟುತ್ತದೆಯೇ? ‘ಬೇಡ’, ‘ಇಲ್ಲ’, ‘ಅಲ್ಲ’ಗಳಲ್ಲಿ ಯಾವುವು ಬಂದಿವೆ? ಇವಕ್ಕೆ ಉತ್ತರಿಸಲು ತಾಯಿಗೆ, ಅಜ್ಜಿಗೆ ವ್ಯಾಕರಣದ ಪರಿಭಾಷೆ ಬೇಕಿಲ್ಲ. ಕೇಳಿದರೆ ಅವರು ಹೇಳಬಲ್ಲರು, ನಾವು ಕೇಳಿಲ್ಲ.

ಈ ಪ್ರಶ್ನೆಗಳ ಎದುರಿಗೆ ನಾವು ತಿಂಗಳುಗಳನ್ನು ಬರೆದಿಲ್ಲ, ಅದು ಉದ್ದೇಶಪೂರ್ವಕ. ಒಂದು ಮನೆಯ ಕನ್ನಡದಿಂದ ಕನ್ನಡದ ಮಾನದಂಡ ಹುಟ್ಟಲಾರದು. ಮೈಸೂರಿನ ಕಡೆಯ ಮಗು ‘ಬರಲ್ಲ’ ಎಂದರೆ ಧಾರವಾಡದ ಕಡೆಯದು ‘ಬರಂಗಿಲ್ಲ’ ಎನ್ನುತ್ತದೆ, ಕುಂದಾಪುರದ್ದು ‘ಬತ್ತಿಲ್ಲೆ’ ಎನ್ನುತ್ತದೆ. ಮೂರರಲ್ಲಿಯೂ ಧಾತು ಮತ್ತು ನಿಷೇಧದ ನಡುವಿನ ಸೀಮೆ ಬೇರೆ ಬೇರೆಯಾಗಿ ಕೇಳಿಸುತ್ತದೆ. ಅದನ್ನು ಒಡೆಯುವ ಕೆಲಸವೂ ಬೇರೆಯಾಗಿರಬಹುದು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಕೇಳುವ ಮಕ್ಕಳಲ್ಲಿ ಎರಡೂ ಭಾಷೆಗಳ ರೂಪಗಳನ್ನು ಒಟ್ಟಿಗೆ ನೋಡಬೇಕು. ಹೊರದೇಶದಲ್ಲಿ ಬೆಳೆಯುತ್ತ ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಮಗುವನ್ನು ಇಂಗ್ಲಿಷ್ ಪಟ್ಟಿಯಿಂದ ಅಳೆಯುವಾಗ ಇಲ್ಲಿ ಹೇಳಿದ ತೊಡಕು ಇಮ್ಮಡಿಯಾಗುತ್ತದೆ. ಬೇರೆ ಬೇರೆ ಉಪಭಾಷೆಗಳ ಮಕ್ಕಳ ಮಾತನ್ನು ತಿಂಗಳು ತಿಂಗಳೂ ಧ್ವನಿಮುದ್ರಿಸಿ, ಪ್ರತ್ಯಯಗಳನ್ನು ಗುರುತಿಸಿ, ಎಲ್ಲರಿಗೂ ತೆರೆದಿಡುವ ಕೆಲಸ ಸಂಶೋಧನ ವಿದ್ಯಾರ್ಥಿಗಳನ್ನು ಕಾಯುತ್ತಿದೆ. ನಡಿಗೆಗೆ ಇರುವಂತೆ ಮಾತಿಗೂ ಅಗಲವಾದ, ಉದಾರವಾದ ಅವಧಿಗಳನ್ನು ಆಗ ಮಾತ್ರ ಹೇಳಬಹುದು.

8. ಉಪಸಂಹಾರ

ಮೂರು ತಿಂಗಳ ನಂತರ ಮತ್ತೆ ತಪಾಸಣೆಗೆ ಹೋದಾಗ ಮಗು ಎರಡು ಪದಗಳನ್ನು ಸೇರಿಸುತ್ತಿತ್ತು. ಆ ಪ್ರಶ್ನೆಯ ಎದುರಿಗೆ ಗುರುತು ಬಿದ್ದಿತು. ನೋಟ್ ಪುಸ್ತಕವನ್ನು ಮಾತ್ರ ನಾವು ಮುಚ್ಚಲಿಲ್ಲ. ಮೂರು ವರ್ಷಕ್ಕೆ ಸ್ವಲ್ಪ ಮೊದಲು ಒಂದು ಸಂಜೆ, ದೂರವಾಣಿಯಲ್ಲಿ ನಾವು ಆಡಿದ ಮಾತನ್ನು ಕೇಳಿಸಿಕೊಂಡಿದ್ದ ಮಗು ಒಳಗೆ ಹೋಗಿ ತಾತನಿಗೆ ಹೇಳಿತು: ‘ಅಜ್ಜಿ ಬರ್ತಾಳಂತೆ’. ಅಜ್ಜಿ ಬರುವುದನ್ನು ಅದು ಕಂಡಿರಲಿಲ್ಲ, ಬೇರೆಯವರು ಹೇಳಿದ್ದನ್ನು ಕೇಳಿತ್ತು. ಆ ಅಂತರವನ್ನು ‘-ಅಂತೆ’ ಎಂಬುದರಿಂದ ಸೂಚಿಸಿತು. ತಾನು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿ ಹೇಳುವುದು ಜ್ಞಾನದ ದೊಡ್ಡ ಹಂತ. ನಮಗೆ ತಿಳಿದ ಯಾವ ಪಟ್ಟಿಯಲ್ಲಿಯೂ ಅದಕ್ಕೊಂದು ಸಾಲಿರಲಿಲ್ಲ. ಪದದ ತುದಿಯಲ್ಲಿದ್ದ ಆ ಮೈಲಿಗಲ್ಲನ್ನು ಆ ದಿನದ ಪುಟದಲ್ಲಿ ತಾರೀಖು ಹಾಕಿ ಬರೆದುಕೊಂಡೆವು.